ಪಿಕಪ್‌ಗೆ ಪಿಕಪ್ಪೇ ಇಲ್ಲ, ಹೆಡರ್ ಹಾಕ್ಸಿದ್ರೆ ಬರುತ್ತಾ?

ಆಲ್ದೂರ್ ಹುಡ್ಗ
ಎಲ್ರಿಗೂ ನಮಸ್ಕಾರ. ನಂದು 2017ರ ಬೊಲೆರೊ ಪಿಕಪ್, 1,40,000 ಕಿ.ಮೀ. ಓಡಿದೆ. ಕೊಯ್ಲಿನ ಟೈಮಲ್ಲಿ ಕ್ಯೂರಿಂಗ್ ಮಿಲ್ಲಿಗೆ ಕಾಫಿ ಹೊಡಿತೀನಿ, ಉಳಿದಂಗೆ ಬಾಡಿಗೆ ಏನ್ ಸಿಕ್ಕುದ್ರೂ ಸೈ. ತಿಂಗಳಿಗೆ ಎರಡು ಸಲನಾದ್ರೂ ಪಣಂಬೂರಿಂದ ಗೊಬ್ಬರ ತುಂಬ್ಕೊಂಡು ಚಾರ್ಮಾಡಿ ಘಾಟಿ ಹತ್ತಬೇಕು. ಮುಂಚೆ ಅಣ್ಣಪ್ಪಸ್ವಾಮಿ ಗುಡಿ ದಾಟಿದ್ಮೇಲೂ ಮೂರನೇ ಗೇರಲ್ಲಿ ಎಳ್ಕೊಂಡು ಹೋಗ್ತಿತ್ತು, ಈಗ ನಾಲ್ಕೈದು ತಿಂಗಳಿಂದ ಅದೇ ಲೋಡು ಅದೇ ರೋಡು ಎರಡನೇ ಗೇರಿಗೆ ಬಂದು ಅಳುತ್ತೆ. ಹಿಂದೆ ಬಸ್ಸಿನೋರು ಹಾರ್ನ್ ಹೊಡ್ದು ಹೊಡ್ದು ಮರ್ಯಾದೆ ತೆಗಿತಾರೆ.

ಅಮೆರಿಕದೋರ ವೀಡಿಯೋ ನೋಡ್ತಾ ಇದ್ದೆ, ಅವರ ಪಿಕಪ್‌ಗಳಿಗೆ ಇಂಜಿನ್ ಹೊಗೆ ಆಚೆ ತರೋ ಕಂಪನಿ ಮ್ಯಾನಿಫೋಲ್ಡ್ ಬಿಚ್ಚಾಕಿ ಅದ್ರ ಜಾಗಕ್ಕೆ ಪೈಪಿನ ಹೆಡರ್ ಹಾಕ್ತಾರೆ, ಹಾಕಿದ್ ತಕ್ಷಣ ಡೈನೋ (ಶಕ್ತಿ ಅಳೆಯೋ ಮಷೀನು) ಮೇಲೆ ಇಪ್ಪತ್ತು ಎಚ್‌ಪಿ ಜಾಸ್ತಿ ತೋರ್ಸುತ್ತೆ. ಬೆಂಗಳೂರಲ್ಲಿ ಒಬ್ರು ನನ್ ಗಾಡಿಗೂ ಮಾಡ್ಕೊಡ್ತೀನಿ ಅಂತಿದಾರೆ, ಸ್ಟೀಲು, 22,000 ಹೇಳಿದಾರೆ. ಹಾಕ್ಸಿರೋರು ಯಾರಾದ್ರೂ ಇದ್ರೆ ಹೇಳಿ. ಸೌಂಡ್ ನಂಗೆ ಬೇಡ, ಎಳೆತ ಬೇಕು ಅಷ್ಟೆ.

ಹಾಸನ್ ಟೈಗರ್
ಹಾಕ್ಸು ಗುರು, ಯೋಚ್ನೆನೇ ಮಾಡ್ಬೇಡ!! ಇಂಜಿನ್ ಉಸಿರಾಡಿದ್ರೆ ತಾನೆ ಓಡೋದು. ನನ್ ಫ್ರೆಂಡ್ ಹಾಕ್ಸಿದಾನೆ, ಬೆಂಕಿ.

ಆಲ್ದೂರ್ ಹುಡ್ಗ
ಯಾವ ಗಾಡಿಗೆ ಹಾಕ್ಸಿದಾರೆ ಬ್ರೋ?

ಹಾಸನ್ ಟೈಗರ್
ಹಳೇ ಹೋಂಡಾ ಸಿಟಿ.

ಬೇಲೂರು ಗ್ಯಾರೇಜ್
ಟೈಗರ್ ಅಣ್ಣ, ಪೆಟ್ರೋಲ್ ಕಾರಿಗೂ ಟರ್ಬೋ ಡೀಸೆಲ್ ಪಿಕಪ್‌ಗೂ ಒಂದೇ ಔಷಧಿ ಕೊಟ್ಟಂಗಾಯ್ತು ನೋಡಿ.

ಆಲ್ದೂರಿನೋರೇ, ನಮ್ಮಪ್ಪಂದು ಗ್ಯಾರೇಜು, ನಾನೂ ಹದಿನಾಲ್ಕು ವರ್ಷದಿಂದ ಅದ್ರೊಳಗೇ ಇದೀನಿ, ಅದಕ್ಕೆ ಸ್ವಲ್ಪ ಉದ್ದ ಬರಿತೀನಿ ಬೇಜಾರ್ ಮಾಡ್ಕೋಬೇಡಿ. ಮೊದ್ಲು ಹೆಡರ್ ಯಾಕೆ ಹಾಕ್ತಾರೆ ಅಂತ. ನಾಲ್ಕು ಸಿಲಿಂಡರ್ ಇಂಜಿನ್ನಲ್ಲಿ ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳು ಉರಿಯೋ ಸರದಿ, ಸಾಮಾನ್ಯ 1-3-4-2. ಕ್ರ್ಯಾಂಕ್ ಅರ್ಧ ಸುತ್ತು ತಿರುಗೋ ಹೊತ್ತಿಗೆ ಒಂದೊಂದು ಸಿಲಿಂಡರ್ ಹೊಗೆ ಬಿಡುತ್ತೆ, ಆದ್ರೆ ಎಕ್ಸಾಸ್ಟ್ ವಾಲ್ವ್ ತೆಗೆದಿರೋದು ಅರ್ಧ ಸುತ್ತಿಗಿಂತ ಜಾಸ್ತಿ ಹೊತ್ತು. ಅಂದ್ರೆ ಒಂದನೇದು ಇನ್ನೂ ಬಾಯಿ ಮುಚ್ಚಿರಲ್ಲ, ಅಷ್ಟ್ರಲ್ಲಿ ಮೂರನೇದು ಪ್ರೆಶರಲ್ಲಿ ಉಗಿಯುತ್ತೆ. ಕಂಪನಿ ಎರಕದ ಮ್ಯಾನಿಫೋಲ್ಡ್‌ನಲ್ಲಿ ನಾಲ್ಕೂ ದಾರಿ ಗೇಣುದ್ದದಲ್ಲೇ ಸೇರ್ಕೊಳೋದ್ರಿಂದ ಇದು ಉಗಿದಿದ್ದು ಅದ್ರ ಬಾಯಿಗೆ ಹೋಗುತ್ತೆ. ಹೆಡರ್‌ನಲ್ಲಿ ಪ್ರತಿಯೊಂದಕ್ಕೂ ಬೇರೆ ಉದ್ದನೆ ಪೈಪು. ಇನ್ನೊಂದು ಲಾಭನೂ ಇದೆ, ಹೊಗೆ ಪೈಪಲ್ಲಿ ಹೋಗೋವಾಗ ಒಂದು ಪ್ರೆಶರ್ ಅಲೆ ಥರ ಹೋಗುತ್ತೆ, ಪೈಪುಗಳು ಸೇರೋ ಜಾಗ ಮುಟ್ಟಿದಾಗ ಅಲ್ಲಿಂದ ಒಂದು ಸೆಳೆತದ ಅಲೆ ವಾಪಸ್ ಬರುತ್ತೆ, ಅದು ಸರಿಯಾಗಿ ವಾಲ್ವ್ ಮುಚ್ಚೋ ಮುಂಚೆ ಬಂದು ತಲುಪಿದ್ರೆ ಒಳಗೆ ಉಳಿದಿರೋ ಹೊಗೆನ ಹೀರ್ಕೊಂಡು ಹೋಗುತ್ತೆ, ಹೊಸ ಗಾಳಿಗೆ ಜಾಗ ಆಗುತ್ತೆ. ಪೈಪಿನ ಉದ್ದ ಎಷ್ಟು ಅನ್ನೋದ್ರ ಮೇಲೆ ಇದು ಯಾವ ಆರ್‌ಪಿಎಂನಲ್ಲಿ ಕೆಲ್ಸ ಮಾಡುತ್ತೆ ಅನ್ನೋದು ಡಿಸೈಡ್ ಆಗುತ್ತೆ. ಎಲ್ಲಾ ಆರ್‌ಪಿಎಂಗೂ ಆಗೋ ಹೆಡರ್ ಅಂತ ಯಾವ್ದೂ ಇಲ್ಲ.

ಈಗ ನಿಮ್ ಗಾಡಿಗೆ ಬರೋಣ. ನಿಮ್ದು ಮ್ಯಾನಿಫೋಲ್ಡ್ ಆದ್ಮೇಲೆ ನೇರ ಸೈಲೆನ್ಸರ್ ಇಲ್ಲ, ಟರ್ಬೋ ಇದೆ, ಇಂಜಿನ್ನಿಗೆ ಗಾಳಿ ತುಂಬೋ ಪಂಪು. ಅದ್ರ ಚಕ್ರ ತಿರುಗೋದೇ ಆ ಹೊಗೆಯ ಪ್ರೆಶರ್ ಮತ್ತೆ ಬಿಸಿಯಿಂದ. ನೀವು ತೆಳು ಶೀಟಿನ ಉದ್ದುದ್ದ ಪೈಪ್ ಹಾಕ್ಸಿದ್ರೆ ಬಿಸಿ ದಾರೀಲೇ ಬಾನೆಟ್ ಒಳಗೆ ಸೋರಿ ಹೋಗುತ್ತೆ, ತುಂಬ್ಬೇಕಾದ ಜಾಗನೂ ಜಾಸ್ತಿ ಆಗುತ್ತೆ, ಟರ್ಬೋ ಏಳೋದು ಲೇಟಾಗುತ್ತೆ. ನಿಮ್ ಇಂಜಿನ್ ಪೂರ್ತಿ ಟಾರ್ಕ್ (ಎಳೆಯೋ ಬಲ) ಕೊಡೋದೇ 1400ರಿಂದ 2200 ಆರ್‌ಪಿಎಂ ಒಳಗೆ, ಘಾಟಿ ಹತ್ತೋದೂ ಅಲ್ಲೇ. ಅಲ್ಲೇ ಕಳ್ಕೊಂಡ್ರೆ ಇನ್ನೇನ್ ಉಳೀತು? ಇದ್ರ ಮೇಲೆ ಆ ಟರ್ಬೋ ಅಷ್ಟು ಭಾರ ಇದೆ, ಎರಕದ ಮ್ಯಾನಿಫೋಲ್ಡ್ ಅದನ್ನ ಹೊತ್ಕೊಂಡು ನಿಂತಿರೋದು. ತೆಳು ಪೈಪಿಗೆ ನೇತಾಕಿದ್ರೆ ನಮ್ ರೋಡಿನ ಗುಂಡಿಗಳಿಗೆ ವೆಲ್ಡಿಂಗ್ ಬಿಡೋದು ಗ್ಯಾರಂಟಿ.

22,000 ಇಟ್ಕೊಳಿ. ಮೊದ್ಲು ಎಳೆತ ಎಲ್ಲೋಯ್ತು ಹುಡುಕೋಣ.

ಜಿಪ್ಸಿ ಮಲ್ಲಂದೂರು
ಗ್ಯಾರೇಜ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಪೆಟ್ರೋಲ್ ಕಡೆ ಕಥೆ ನಾನು ಹೇಳ್ತೀನಿ, ಯಾಕಂದ್ರೆ ನಾನು ಹಾಕ್ಸಿ ಅನುಭವಿಸಿರೋನು.

ನಂದು 2012ರ ಜಿಪ್ಸಿ, 1298 ಸಿಸಿ, ಟರ್ಬೋ ಗಿರ್ಬೋ ಏನಿಲ್ಲ. ಹಿಂದೆ ಸೀಟ್ ತೆಗ್ದು ತೋಟದ ಸಾಮಾನಿಗೆ ಪಿಕಪ್ ಥರಾನೇ ಬಳಸ್ತೀವಿ. ನಮ್ಮ ಊರ ಕಡೆ ತೋಟದ ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೀತಿದ್ದ ಕಾಲದಿಂದ ನಂಗೆ ಈ ಹುಚ್ಚು, ರ‍್ಯಾಲಿ ಜಿಪ್ಸಿಗಳ ಸದ್ದು ಕೇಳಿ ಕೇಳಿ ನಂದಕ್ಕೂ ಅದೇ ಬೇಕು ಅಂತ ಒಬ್ರ ಹತ್ರ ಫೋರ್-ಟೂ-ಒನ್ (4-2-1) ಹೆಡರ್ ಮಾಡ್ಸೋಕೆ ಹೋದೆ. ಗೊತ್ತಿಲ್ಲದೋರಿಗೆ: ನಾಲ್ಕು ಪೈಪು ಮೊದ್ಲು ಎರಡಾಗಿ ಆಮೇಲೆ ಒಂದಾದ್ರೆ ಫೋರ್-ಟೂ-ಒನ್, 1ಕ್ಕೆ 4 ಜೋಡಿ, 2ಕ್ಕೆ 3 ಜೋಡಿ, ಆ ಜೋಡಿಗಳು ಒಂದು ಪೂರ್ತಿ ಸುತ್ತಿನ ಅಂತರದಲ್ಲಿ ಹೊಗೆ ಬಿಡೋದ್ರಿಂದ ಜಗಳ ಇಲ್ಲ, ಮಿಡ್ಲ್ ಆರ್‌ಪಿಎಂ ಎಳೆತಕ್ಕೆ ಒಳ್ಳೇದು. ನಾಲ್ಕೂ ಒಂದೇ ಕಡೆ ಸೇರಿದ್ರೆ ಫೋರ್-ಟೂ-ಒನ್ ಅಲ್ಲ, ಬರೀ ಫೋರ್ ಒನ್ (4-1), ಅದು ಮೇಲಿನ ಆರ್‌ಪಿಎಂಗೆ. ಆ ಪುಣ್ಯಾತ್ಮ ನಂಗೆ ಫೋರ್ ಒನ್ ಮಾಡಿ ಕೊಟ್ಟ, ಅದೂ ದಪ್ಪ ಪೈಪಲ್ಲಿ. ದಪ್ಪ ಇದ್ರೆ ಒಳ್ಳೇದು ಸಾರ್ ಅಂದ.

ಏನಾಯ್ತು? 5000 ದಾಟಿದ್ರೆ ನಿಜವಾಗ್ಲೂ ಹುಲಿ. ಆದ್ರೆ ತೋಟದೊಳಗೆ ಹತ್ತು ಮೂಟೆ ಹಾಕ್ಕೊಂಡು ಗದ್ದೆ ಏರಿ ಹತ್ತುವಾಗ ಯಾರ್ರೀ 5000ಕ್ಕೆ ಹೋಗ್ತಾರೆ? ಕೆಳಗೆ ಮುಂಚೆ ಇದ್ದಷ್ಟೂ ಇಲ್ಲ. ಕ್ಲಚ್ ಅರ್ಧ ಹಿಡ್ಕೊಂಡು ಹತ್ತೋದು, ಒಂದೇ ಮಳೆಗಾಲಕ್ಕೆ ಕ್ಲಚ್ ಪ್ಲೇಟ್ ಹೋಯ್ತು. ಬ್ಯಾಕ್ ಪ್ರೆಶರ್ (ಹೊಗೆ ಹೋಗೋ ದಾರೀಲಿ ತಡೆ) ಬೇಕು ಬೇಕು ಅಂತ ಎಲ್ರೂ ಹೇಳ್ತಾರಲ್ಲ, ಅದು ತಪ್ಪು ಮಾತು, ಬ್ಯಾಕ್ ಪ್ರೆಶರ್ ಯಾವ ಇಂಜಿನ್ನಿಗೂ ಬೇಡ. ಬೇಕಾಗಿರೋದು ಸ್ಪೀಡು. ಪೈಪ್ ದಪ್ಪ ಆದ್ರೆ ಕಮ್ಮಿ ಆರ್‌ಪಿಎಂನಲ್ಲಿ ಹೊಗೆ ಸೋಮಾರಿ ಥರ ಹೋಗುತ್ತೆ, ಸೆಳೆತ ಹುಟ್ಟಲ್ಲ. ಹಳ್ಳದ ನೀರು ಕಿರಿದಾದ ಕಡೆ ರಭಸವಾಗಿ ಹೋಗಲ್ವಾ, ಅದೇ.

ಇನ್ನೊಂದು ಕರ್ಮ. ಹೆಡರ್ ಇಂಜಿನ್ನಿಗೆ ಕೂರೋ ಪಟ್ಟಿ, ಫ್ಲೇಂಜ್, ತೆಳ್ಳಗಿತ್ತು, ಬಿಸಿಗೆ ಬಾಗಿ ಸಣ್ಣದಾಗಿ ಲೀಕ್ ಆಗೋಕೆ ಶುರು. ಲೀಕ್ ಅಂದ್ರೆ ಹೊಗೆ ಆಚೆ ಬರೋದು ಮಾತ್ರ ಅಲ್ಲ, ಎರಡು ಪಲ್ಸ್ ಮಧ್ಯೆ ಹೊರಗಿನ ಗಾಳಿನೂ ಒಳಗೆ ಎಳ್ಕೊಳುತ್ತೆ. ಮುಂದೆ ಆಕ್ಸಿಜನ್ ಸೆನ್ಸರ್ ಕೂತಿದೆ, ಅದು ಓಹೋ ಗಾಳಿ ಜಾಸ್ತಿ ಇದೆ ಪೆಟ್ರೋಲ್ ಸಾಲ್ತಿಲ್ಲ ಅಂದ್ಕೊಂಡು ಇಂಜಿನ್ ಕಂಪ್ಯೂಟರ್ ಇಸಿಯುಗೆ ಸುಳ್ಳು ಹೇಳುತ್ತೆ, ಇಸಿಯು ಪೆಟ್ರೋಲ್ ಸುರಿಯುತ್ತೆ. ಮೈಲೇಜ್ ಕೇಳ್ಬೇಡಿ, ಬಾಯಿಗೆ ಬರೋ ಹಂಗಿಲ್ಲ. ಕೊನೆಗೆ ಅಟ್ಟದ ಮೇಲೆ ಹಾಕಿದ್ದ ಹಳೇ ಮ್ಯಾನಿಫೋಲ್ಡ್ ಇಳ್ಸಿ ಹಾಕ್ಸಿದೆ. ಹೆಡರ್ ಈಗ ಕೊಟ್ಟಿಗೇಲಿದೆ, ಕೋಳಿ ಮಲಗ್ತವೆ ಅದ್ರ ಮೇಲೆ.

ಹಾಸನ್ ಟೈಗರ್
ಕೋಳಿಗಳಿಗೆ ಸ್ಪೋರ್ಟ್ಸ್ ಎಡಿಷನ್ ಗೂಡು 😂

ಆಲ್ದೂರ್ ಹುಡ್ಗ
ಅಣ್ಣ ಎಲ್ಲಾ ಅರ್ಥ ಆಯ್ತು, ಆದ್ರೆ ಒಂದು ಡೌಟು. ಅಮೆರಿಕದೋರು ಮತ್ತೆ ಸುಳ್ಳು ಹೇಳ್ತಾರಾ? ಡೈನೋ ಪೇಪರ್ ತೋರಿಸ್ತಾರಲ್ಲ.

ಬೇಲೂರು ಗ್ಯಾರೇಜ್
ಸುಳ್ಳಲ್ಲ ಮಾರಾಯ, ಅವರ ಗಾಡಿ ಬೇರೆ. ಅಲ್ಲಿನ ಫೋರ್ಡ್ ಎಫ್-150, ಶೆವರ್ಲೆ ಸಿಲ್ವರಾಡೋ ಇವುಗಳಲ್ಲಿ ಹೆಡರ್ ಹಾಕೋ ವೀಡಿಯೋ ಬಹಳಷ್ಟು 5 ಲೀಟರ್ ಮೇಲಿನ ವಿ8 ಪೆಟ್ರೋಲ್‌ಗಳು, ಟರ್ಬೋ ಇಲ್ಲದೆ ಇರೋವು. ನಿಂದು ಎರಡೂವರೆ ಲೀಟರ್ ಡೀಸೆಲ್. ಅವರ ವಿ8ನಲ್ಲಿ ಒಂದು ವಿಚಿತ್ರ ಇದೆ, ಒಂದೊಂದು ಕಡೆ ನಾಲ್ಕು ನಾಲ್ಕು ಸಿಲಿಂಡರ್ ಇದ್ರೂ ಅವು ಸಮ ಅಂತರದಲ್ಲಿ ಹೊಗೆ ಬಿಡಲ್ಲ. ಒಂದೇ ಕಡೆಯ ಎರಡು ಸಿಲಿಂಡರ್ ಬರೀ ಕಾಲು ಸುತ್ತಿನ ಅಂತರದಲ್ಲಿ ಒಂದ್ರ ಹಿಂದೆ ಒಂದು ಉಗಿತವೆ, ಆ ಗುಡುಗುಡು ಸೌಂಡ್ ಬರೋದೂ ಅದಕ್ಕೇ. ಗಿಡ್ಡ ಮ್ಯಾನಿಫೋಲ್ಡ್‌ನಲ್ಲಿ ಅವೆರಡೂ ಒಂದಕ್ಕೊಂದು ಡಿಕ್ಕಿ ಹೊಡಿತವೆ, ಉದ್ದ ಪೈಪ್ ಕೊಟ್ರೆ ನಿಜವಾಗ್ಲೂ ಗೆಲುವು ಸಿಗುತ್ತೆ. ಅದೂ ಏನು, ಲಾಂಗ್ ಟ್ಯೂಬ್ ಹೆಡರ್ ಹಾಕಿ ಜೊತೆಗೆ ಇಸಿಯು ಟ್ಯೂನ್ ಮಾಡ್ಸಿದಾಗ ಹತ್ತಿಪ್ಪತ್ತು ಎಚ್‌ಪಿ, ಮುನ್ನೂರೈವತ್ತು ನಾನೂರು ಎಚ್‌ಪಿ ಇಂಜಿನ್ನಿಗೆ. ಡೈನೋ ಗ್ರಾಫಲ್ಲಿ ಎಡಗಡೆ ನೋಡು, 2000 ಆರ್‌ಪಿಎಂ ಹತ್ರ ಎರಡು ಗೆರೆನೂ ಹೆಚ್ಚುಕಮ್ಮಿ ಒಂದ್ರ ಮೇಲೊಂದು ಇರ್ತವೆ. ಬಲಗಡೆ ತುದಿಲಿ ಮಾತ್ರ ಬಿಟ್ಕೊಂಡಿರುತ್ತೆ. ನಿನ್ ಗಾಡಿ ಆ ಬಲಗಡೆ ತುದಿಗೆ ಹೋಗೋದೇ ಇಲ್ಲ.

ತೋಟದ ಗೌಡ್ರು
ಹುಡುಗರ ಚರ್ಚೆ ಓದಿ ಖುಷಿಯಾಯ್ತು. ನನ್ನ ಎರಡು ಮಾತು. ನಮ್ಮ ಕಾಲದಲ್ಲಿ ಪ್ಯೂಜೊ ಇಂಜಿನ್ ಜೀಪು, ಟರ್ಬೋ ಇರಲಿಲ್ಲ. ಮೂಡಿಗೆರೆಯಲ್ಲಿ ಸರಿಯಾಗಿ ಓಡ್ತಿದ್ದ ಜೀಪು ಗಿರಿ ಹತ್ತುವಾಗ ಏದುಸಿರು ಬಿಡ್ತಿತ್ತು, ಕಪ್ಪು ಹೊಗೆ ಬೇರೆ. ಪಂಪ್ ಹೋಗಿದೆ ಅಂತ ಮೆಕ್ಯಾನಿಕ್ಕನ್ನ ಬೈತಿದ್ದೆವು. ಪಂಪಿಂದಲ್ಲ, ಗಾಳೀದು. ಸಾವಿರ ಮೀಟರ್ ಹತ್ತಿದರೆ ಗಾಳಿ ಸುಮಾರು ನೂರಕ್ಕೆ ಹತ್ತರಷ್ಟು ತೆಳುವಾಗ್ತದೆ, ಮುಳ್ಳಯ್ಯನಗಿರಿ ತುದಿ 1930 ಮೀಟರ್. ಟರ್ಬೋ ಇಲ್ಲದ ಇಂಜಿನ್ ಅಷ್ಟು ಶಕ್ತಿ ಕಳೆದುಕೊಳ್ಳಲೇಬೇಕು. ಟರ್ಬೋ ಬಂದಮೇಲೆ ಅದು ಕೊರತೆ ತುಂಬಿಕೊಡ್ತದೆ. ಅದರ ಹೊಗೆ ಕದ್ದು ನೀವು ಹೆಡರಿಗೆ ಕೊಡ್ತೀನಿ ಅಂತೀರಲ್ಲಪ್ಪ.

ವಿ-ಕ್ರಾಸ್ ಸಕಲೇಶಪುರ
ಗೌಡ್ರೇ ಸೂಪರ್. ನಂದು ಇಸುಜು, 1.9 ಲೀಟರ್, ಬಿಎಸ್6. ನನ್ ಥರ 2020ರ ಏಪ್ರಿಲ್ ನಂತರದ ಡೀಸೆಲ್ ಇರೋರು ಈ ಥ್ರೆಡ್ ಓದಿ ಆಸೆ ಪಡ್ಬೇಡಿ. ಟರ್ಬೋ ಆದ್ಮೇಲೆ ಡಿಪಿಎಫ್ ಇದೆ, ಮಸಿ ಹಿಡಿಯೋ ಫಿಲ್ಟರ್, ಮುಂದೆ ಹಿಂದೆ ಪ್ರೆಶರ್ ಸೆನ್ಸರ್, ಟೆಂಪರೇಚರ್ ಸೆನ್ಸರ್. ಆ ಮಸಿ ಸುಟ್ಕೊಳೋಕೆ ಬಿಸಿ ಬೇಕು. ಹೊಗೆ ದಾರೀಲೇ ತಣ್ಣಗಾದ್ರೆ ಫಿಲ್ಟರ್ ಕಟ್ಕೊಂಡು ಗಾಡಿ ಲಿಂಪ್ ಮೋಡ್‌ಗೆ ಹೋಗುತ್ತೆ, ಅಂದ್ರೆ ಶಕ್ತಿ ಕಮ್ಮಿ ಮಾಡ್ಕೊಂಡು ತೆವಳುತ್ತೆ, ಶಿರಾಡಿ ಘಾಟಿಯಲ್ಲಿ ಮಳೇಲಿ ಹಂಗೆ ನಿಂತ್ರೆ ದೇವ್ರೇ ಗತಿ.

ಕಾನೂನೂ ನೋಡ್ಕೊಳಿ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಂಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ 182ಎ ಅಡಿ ಓನರ್‌ಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಸದ್ದು, ಹೊಗೆ ವಿಷಯಕ್ಕೆ 190ನೇ ಕಲಂ ಬೇರೆ, ಅಲ್ಲಿ 10,000ದವರೆಗೆ ಇದೆ, ಡಿಎಲ್ ಮೂರು ತಿಂಗಳು ಹೋಗುತ್ತೆ. ಬಾಡಿಗೆ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಟೈಮಲ್ಲೂ ತಲೆನೋವು.

ಇನ್ನೊಂದು ಹೇಳ್ಬೇಕು ನಗ್ಬೇಡಿ. ನಮ್ ಕಡೆ ಆನೆ ಇದಾವೆ. ಪಕ್ಕದ ತೋಟದ ಹುಡುಗ ಬೈಕಿನ ಸೈಲೆನ್ಸರ್ ಕತ್ತರಿಸಿಟ್ಕೊಂಡು ರಾತ್ರಿ ಓಡಾಡ್ತಿದ್ದ, ತಿರುವಲ್ಲಿ ಆನೆ ನಿಂತಿದ್ದು ಇವ್ನಿಗೆ ಕೇಳ್ಸಿಲ್ಲ, ಮರ ಮುರಿಯೋ ಸದ್ದು ಬೇರೆಯೋರ್ಗೆಲ್ಲ ಕೇಳ್ಸಿತ್ತು. ಬದುಕಿದ, ಬೈಕ್ ಹೋಯ್ತು.

ಹಾಸನ್ ಟೈಗರ್
ಸರಿ ಬುಡ್ರಪ್ಪ, ನಾನು ಸೋತೆ. ಆದ್ರೆ ಟರ್ಬೋ ಹಿಂದೆ ಸೈಲೆನ್ಸರ್ ಕಡೆ ಪೈಪ್ ದಪ್ಪ ಮಾಡಿದ್ರೆ?

ಬೇಲೂರು ಗ್ಯಾರೇಜ್
ಇದು ಒಳ್ಳೆ ಪ್ರಶ್ನೆ. ಟರ್ಬೋ ಡೀಸೆಲ್‌ನಲ್ಲಿ ಪೈಪಿಂದ ಏನಾದ್ರೂ ಲಾಭ ಇದ್ರೆ ಟರ್ಬೋ ಆದ್ಮೇಲಿನ ಪೈಪಲ್ಲೇ. ಚಕ್ರದ ಮುಂದೆ ಪ್ರೆಶರ್ ಜಾಸ್ತಿ ಹಿಂದೆ ಕಮ್ಮಿ ಇದ್ದಷ್ಟೂ ಅದು ಬೇಗ ತಿರುಗುತ್ತೆ. ಆದ್ರೆ ಡೀಸೆಲ್ ಎಷ್ಟು ಹೊಡಿಬೇಕು ಅಂತ ಇಸಿಯು ಡಿಸೈಡ್ ಮಾಡೋದು, ಅದು ಬದಲಾಗದೆ ಬರೀ ಪೈಪ್ ದಪ್ಪ ಮಾಡಿದ್ರೆ ಕಂಪನಿ ಸ್ಥಿತೀಲಿರೋ ಬಾಡಿಗೆ ಗಾಡಿಗೆ ಗೊತ್ತಾಗೋಷ್ಟು ಏನೂ ಸಿಗಲ್ಲ. ಸದ್ದು ಸಿಗುತ್ತೆ. ಸದ್ದನ್ನೇ ಜನ ಪವರ್ ಅಂದ್ಕೊಳ್ತಾರೆ, ನಮ್ ಗ್ಯಾರೇಜಿಗೆ ಬಂದೋರಲ್ಲಿ ಅರ್ಧ ಜನ ಇದೇ ಕೇಸು.

ಆಲ್ದೂರಿನೋರೇ, ನೀವು ಇದಕ್ಕೆ ಉತ್ತರ ಕೊಡಿ. ಲೋಡಲ್ಲಿ ಹೊಗೆ ಕಪ್ಪಗೆ ಬರುತ್ತಾ? ಏರ್ ಫಿಲ್ಟರ್ ಯಾವಾಗ ಬದಲಾಯ್ಸಿದ್ದು? ಕೊಯ್ಲಿನ ಧೂಳಲ್ಲಿ ಓಡಿರೋ ಫಿಲ್ಟರ್ ಬಡಿದು ಬಡಿದು ಹಾಕಿದ್ರೆ ಆಗಲ್ಲ. ಡೀಸೆಲ್ ಫಿಲ್ಟರಿನ ನೀರು ಬಿಟ್ಟಿದ್ದೀರಾ? ಆರ್‌ಪಿಎಂ ಏರಿ ಗಾಡಿ ಏರದೆ ಇದ್ರೆ ಕ್ಲಚ್, ಆರ್‌ಪಿಎಂ ಕೂಡಾ ಏರದೆ ಇದ್ರೆ ಬೇರೆ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೆ ಟಿಕ್ ಟಿಕ್ ಅಂತ ಸದ್ದು ಬಂದು ಬಿಸಿ ಆದ್ಮೇಲೆ ಕಮ್ಮಿ ಆಗುತ್ತಾ?

ಆಲ್ದೂರ್ ಹುಡ್ಗ
ಅಯ್ಯೋ ಅಣ್ಣ, ಆ ಟಿಕ್ ಟಿಕ್ ಇದೆ! ವಾಲ್ವ್ ಸದ್ದು ಅಂದ್ಕೊಂಡು ಸುಮ್ನಿದ್ದೆ. ಐದು ನಿಮಿಷಕ್ಕೆ ಹೋಗ್ಬಿಡುತ್ತೆ. ಕಪ್ಪು ಹೊಗೆನೂ ಇದೆ, ಹಿಂದಿನ ಬೈಕಿನೋರು ಬೈತಾರೆ. ಏರ್ ಫಿಲ್ಟರ್ ಹೊಸದು. ಕ್ಲಚ್ ಹೋದ್ ವರ್ಷ ಹಾಕ್ಸಿದ್ದು.

ಬೇಲೂರು ಗ್ಯಾರೇಜ್
ಸಿಕ್ತು ಅನ್ಸುತ್ತೆ. ನಾಳೆ ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಮ್ಯಾನಿಫೋಲ್ಡ್ ಇಂಜಿನ್ ಹೆಡ್‌ಗೆ ಕೂರೋ ಗೆರೆ ಉದ್ದಕ್ಕೂ ಟಾರ್ಚ್ ಹಾಕಿ, ಎಲ್ಲಾದ್ರೂ ಕಾಡಿಗೆ ಥರ ಒಣ ಮಸಿ ಕೂತಿದ್ಯಾ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ, ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಕೊಂಡು ಬಂದು ಅದೇ ಗೆರೆ ಉದ್ದಕ್ಕೂ ನಿಧಾನ ಹಿಡೀರಿ. ಹೊಗೆ ಎಲ್ಲಿ ಫುಕ್ ಫುಕ್ ಅಂತ ಚದುರುತ್ತೋ ಅಲ್ಲೇ ಲೀಕು. ಫ್ಯಾನಿಗೆ ತೋಳು ತಾಗ್ಸ್ಕೋಬೇಡಿ.

ಟರ್ಬೋಗೆ ಮುಂಚೆ ಲೀಕ್ ಇದ್ರೆ ಚಕ್ರ ತಿರುಗಿಸ್ಬೇಕಾದ ಹೊಗೆ ಆಚೆ ಹೋಗುತ್ತೆ, ಗಾಳಿ ತುಂಬೋದು ಕಮ್ಮಿ, ಆದ್ರೆ ಡೀಸೆಲ್ ಬೀಳೋದು ಬೀಳ್ತಾನೇ ಇರುತ್ತೆ, ಅದಕ್ಕೇ ಕಪ್ಪು ಹೊಗೆ.

ಆಲ್ದೂರ್ ಹುಡ್ಗ
ನಾಲ್ಕನೇ ಸಿಲಿಂಡರ್! ಫೈರ್‌ವಾಲ್ ಕಡೆ ಇರೋದು. ಊದುಬತ್ತಿ ಹೊಗೆ ಅಲ್ಲಿ ಮಾತ್ರ ಪಟಪಟ ಅಂತ ಹಾರ್ತಿದೆ. ಬೆರಳು ಹಾಕಿ ಸವರಿದೆ, ಮೂರು ಬೆರಳೂ ಕರ್ರಗೆ. ಕನ್ನಡಿ ಇಟ್ಟು ನೋಡಿದ್ರೆ ಮ್ಯಾನಿಫೋಲ್ಡ್ ಹಿಡ್ಕೊಳೋ ಬೋಲ್ಟು, ಆ ಹಿಂದಿನ ಕೆಳಗಿನ ಸ್ಟಡ್‌ಗೆ ನಟ್ಟೇ ಇಲ್ಲ, ಅಲ್ಲಲ್ಲ, ಸ್ಟಡ್ಡೇ ಮುರ್ದೋಗಿದೆ, ತುಂಡು ಒಳಗೇ ಇದೆ. ಅಮ್ಮ ಬೇರೆ, ಗಾಡಿಗೆ ಪೂಜೆ ಮಾಡ್ತಿದಾನೆ ಅಂತ ಹೂವ ತಂದ್ಕೊಟ್ರು.

ಬೇಲೂರು ಗ್ಯಾರೇಜ್
ಅಮ್ಮಂಗೆ ನಮಸ್ಕಾರ ಹೇಳಿ. ಸಾಮಾನ್ಯವಾಗಿ ತುದಿ ಸ್ಟಡ್‌ಗಳೇ ಮುರಿಯೋದು, ಎರಕ ಬಿಸಿಗೆ ಉದ್ದ ಆಗಿ ತಣ್ಣಗಾಗಿ ಗಿಡ್ಡ ಆಗಿ ಎಳೆದಾಡೋದು ತುದೀಲೇ ಜಾಸ್ತಿ. ಹೊಳೆ ನೀರಿಗೆ ಬಿಸಿ ಗಾಡಿ ಇಳ್ಸೋರಿಗೆ ಇನ್ನೂ ಬೇಗ.

ಯಾರ ಹತ್ರ ಹೋದ್ರೂ ಸರಿ, ನೇರ ಡ್ರಿಲ್ ಹಾಕೋಕೆ ಬಿಡ್ಬೇಡಿ. ತುಂಡಿನ ಮೇಲೆ ಒಂದು ನಟ್ ಇಟ್ಟು ಒಳಗೆ ವೆಲ್ಡ್ ಮಾಡ್ಸಿ, ಆ ಬಿಸಿಗೆ ತುಕ್ಕು ಬಿಟ್ಕೊಳುತ್ತೆ, ಆಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸ್ತಾ ಬಿಚ್ಚಬೇಕು. ಮ್ಯಾನಿಫೋಲ್ಡ್ ಇಳ್ಸಿದ್ಮೇಲೆ ನೇರ ಪಟ್ಟಿ ಇಟ್ಟು ಬಾಗಿದ್ಯಾ ನೋಡ್ಸಿ, ಬಾಗಿದ್ರೆ ಲೇತಲ್ಲಿ ಮುಖ ಸಮ ಮಾಡ್ಸಿ, ಬಿರುಕಿದ್ರೆ ಬದಲಾಯ್ಸಿ. ಹಳೇ ಗ್ಯಾಸ್ಕೆಟ್ ಮತ್ತೆ ಹಾಕ್ಬೇಡಿ, ಸ್ಟಡ್ಡು ನಟ್ಟು ಎಲ್ಲಾ ಹೊಸದು. ಟೈಟ್ ಮಾಡೋವಾಗ ಮಧ್ಯದಿಂದ ಶುರು ಮಾಡಿ ತುದಿಗೆ ಹೋಗ್ಬೇಕು, ಮೂರು ಸುತ್ತಲ್ಲಿ. ಇನ್ನೂರು ಮುನ್ನೂರು ಕಿ.ಮೀ. ಓಡಿದ್ಮೇಲೆ ಇನ್ನೊಂದ್ಸಲ ನೋಡ್ಬೇಕು.

ಆಲ್ದೂರ್ ಹುಡ್ಗ
ಹನ್ನೊಂದು ದಿನ ಆದ್ಮೇಲೆ ಬರಿತಿದೀನಿ, ಕ್ಷಮಿಸಿ. ಹಾಸನದಲ್ಲಿ ಲೇತ್‌ನೋರ ಹತ್ರ ಮ್ಯಾನಿಫೋಲ್ಡ್ ಕೊಟ್ಟಿದ್ದೆ, ನಾಲ್ಕನೇ ಬಾಯಿ ಕಡೆ ಚೂರು ಎದ್ದಿತ್ತು, ಪಟ್ಟಿ ಕೆಳಗೆ ಬ್ಲೇಡ್ ನುಗ್ತಿತ್ತು. ಸಮ ಮಾಡಿ ಕೊಟ್ರು. ಸ್ಟಡ್ ನೀವು ಹೇಳ್ದಂಗೇ ನಟ್ ವೆಲ್ಡ್ ಮಾಡಿ ತೆಗ್ದಿದ್ದು, ಎರಡು ಸಲ ನಟ್ ಕಿತ್ಬಂತು, ಮೂರನೇ ಸಲಕ್ಕೆ ಕಿರ್ರ್ ಅಂತ ತಿರುಗ್ತು ನೋಡಿ, ನಾನು ಗ್ಯಾರೇಜಲ್ಲೇ ಕೂಗ್ಬಿಟ್ಟೆ. ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ.

ನಿನ್ನೆ ಪಣಂಬೂರು ಲೋಡು. ಅಣ್ಣಪ್ಪಸ್ವಾಮಿಗೆ ಕೈ ಮುಗ್ದು ಮೂರನೇ ಗೇರಲ್ಲೇ ಬಿಟ್ಟೆ, ಎರಡು ಹೇರ್‌ಪಿನ್ ಬಿಟ್ರೆ ಬೇರೆಲ್ಲೂ ಇಳಿಸಿಲ್ಲ, ಹಿಂದೆ ಹೊಗೆನೂ ಇಲ್ಲ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುವಾಗ ಹಿಂದೆ ಬರ್ತಿದ್ದ ಬಸ್ಸಿನ ಡ್ರೈವರಣ್ಣನೇ ಬಂದು, ಏನೋ ಇವತ್ತು ಹಾರ್ನ್ ಹೊಡ್ಯೋಕೆ ಚಾನ್ಸೇ ಕೊಡ್ಲಿಲ್ಲ ಅಂದ್ರು.

ಬೆಂಗಳೂರಿನೋರು ಹೆಡರ್ ರೆಡಿ ಮಾಡ್ಲಾ ಅಂತ ಮೆಸೇಜ್ ಹಾಕಿದಾರೆ, ಬೇಡ ಅಂದೆ. ಇನ್ನೊಂದೇ ಪ್ರಶ್ನೆ ಗ್ಯಾರೇಜಣ್ಣ. ಈಗ 260 ಕಿ.ಮೀ. ಆಗಿದೆ, ಮತ್ತೆ ಟೈಟ್ ನೋಡ್ಬೇಕು ಅಂದಿದ್ರಲ್ಲ, ಅದು ಬಿಸಿ ಇರುವಾಗ್ಲಾ ತಣ್ಣಗಿರುವಾಗ್ಲಾ?

ಬೇಲೂರು ಗ್ಯಾರೇಜ್
ತಣ್ಣಗಿರುವಾಗ. ರಾತ್ರಿ ನಿಲ್ಸಿ ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ. ಆ ಹಿಂದಿನ ಕೆಳಗಿನ ನಟ್‌ಗೆ ಸ್ಪ್ಯಾನರ್ ಕೂರೋದು ಕಷ್ಟ, ಮಿಕ್ಕಿದ್ದೆಲ್ಲ ಟೈಟಿದೆ ಅಂತ ಅದನ್ನ ಬಿಟ್ಬಿಡ್ಬೇಡಿ, ಬಗ್ಗಿರೋ ರಿಂಗ್ ಸ್ಪ್ಯಾನರ್ ತಗೊಳಿ.

ಜಿಪ್ಸಿ ಮಲ್ಲಂದೂರು
ಸ್ಪ್ಯಾನರ್ ನನ್ ಹತ್ರ ಇದೆ, ಆಲ್ದೂರಿಗೆ ಶನಿವಾರ ಬರ್ತೀನಿ. ಕೊಟ್ಟಿಗೇಲಿರೋ ಹೆಡರ್ ಬೇಕಾದ್ರೂ ತರ್ತೀನಿ, ಕೋಳಿ ಸಾಕೋರಿದ್ರೆ.